ನರ್ತಕಿಯ ಉಡುಗೆ: ಪ್ಯಾರಿಸ್ಸಿನ ಟೂಟೂ ಮತ್ತು ಮೈಸೂರಿನ ಸೀರೆ

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ಸರ್ವವಿದಿತ. ಇವುಗಳಲ್ಲಿ ಆಹಾರ್ಯವೆಂದರೆ ವೇಷಭೂಷಣ, ವರ್ಣಲೇಪನ ಮುಂತಾದವು. ಹೊರಗಿನಿಂದ ತಂದುಕೊಳ್ಳತಕ್ಕದ್ದು ಎಂಬುದೇ ಆ ಪದದ ಅರ್ಥ. ಹೊರಗಿನಿಂದ ಬಂದದ್ದೆಂಬ ಕಾರಣಕ್ಕೆ ಅದನ್ನು ಗೌಣವೆಂದು ಭಾವಿಸುವವರುಂಟು. ಆದರೆ ಉಡುಗೆಯು ನರ್ತನದ ಸ್ವರೂಪವನ್ನೇ ಮಾರ್ಪಡಿಸಬಲ್ಲುದು. ಕೆಲವೊಮ್ಮೆ ಪ್ರಾಣವನ್ನೂ ಬೇಡಬಲ್ಲುದು. ಐರೋಪ್ಯರ ಬ್ಯಾಲೆ ನೃತ್ಯದ ‘ಟೂಟೂ’ ಎಂಬ ಲಂಗದ ಇತಿಹಾಸವು ಇದಕ್ಕೆ ಒಳ್ಳೆಯ ನಿದರ್ಶನ.

ಬ್ಯಾಲೆಯು ಮೊದಲು ಅರಮನೆಗಳ ಕಲೆಯಾಗಿತ್ತು. ನರ್ತಕಿಯರು ನೆಲ ಮುಟ್ಟುವ, ಒಳಗೆ ಬಳೆಕಟ್ಟು ಇರುವ ಭಾರವಾದ ಉಡುಪುಗಳನ್ನು ತೊಡುತ್ತಿದ್ದರು. ಕಾಲು ಕಾಣದಿದ್ದ ಮೇಲೆ ಕಾಲಿನ ಕೆಲಸಕ್ಕೆ ಬೆಲೆಯೆಲ್ಲಿ? ಹದಿನೆಂಟನೆಯ ಶತಮಾನದಲ್ಲಿ ಮಾರಿ ಕಾಮಾರ್ಗೊ ಎಂಬ ಪ್ರಸಿದ್ಧ ನರ್ತಕಿಯು ತನ್ನ ಲಂಗವನ್ನು ಹರಡಿನಿಂದ ಕೊಂಚ ಮೇಲಕ್ಕೆ ಏರಿಸಿದಳು. ಅಷ್ಟಕ್ಕೇ ಊರೆಲ್ಲ ಗುಲ್ಲಾಯಿತಾದರೂ ಹೆಜ್ಜೆಯ ಚಮತ್ಕಾರವು ಅಂದಿನಿಂದ ನೋಟಕರ ಕಣ್ಣಿಗೆ ಬಿತ್ತು.

ನಿಜವಾದ ಪರಿವರ್ತನೆಯು ಆದದ್ದು 1832ರ ಮಾರ್ಚ್ 12ರಂದು. ಅಂದು ಪ್ಯಾರಿಸ್ಸಿನ ಆಪೆರಾ ರಂಗಮಂದಿರದಲ್ಲಿ ಫಿಲಿಪ್ಪೊ ತಾಗ್ಲಿಯೋನಿಯು ತನ್ನ ಮಗಳಾದ ಮಾರಿ ತಾಗ್ಲಿಯೋನಿಗಾಗಿ ಸಂಯೋಜಿಸಿದ ‘ಲಾ ಸಿಲ್ಫೀಡ್’ ಎಂಬ ನೃತ್ಯರೂಪಕವು ಪ್ರದರ್ಶಿತವಾಯಿತು. ನಾಯಕಿಯು ಗಾಳಿಯಲ್ಲಿ ತೇಲುವ ಯಕ್ಷಿಣಿ. ಮನುಷ್ಯನೊಬ್ಬನು ಅವಳನ್ನು ತನ್ನವಳನ್ನಾಗಿಸಿಕೊಳ್ಳಲು ಹೋಗಿ, ಮಾಟದ ಶಲ್ಯವೊಂದನ್ನು ಹೊದಿಸುತ್ತಾನೆ. ಅವಳ ರೆಕ್ಕೆಗಳು ಕಳಚಿ ಬೀಳುತ್ತವೆ, ಅವಳು ಸಾಯುತ್ತಾಳೆ. ಈ ಪಾತ್ರಕ್ಕೆ ಎಜೆನ್ ಲಾಮಿ ಎಂಬ ಚಿತ್ರಕಾರನು ರೂಪಿಸಿದನೆನ್ನಲಾದ ಉಡುಗೆಯೇ ರಮ್ಯಯುಗದ ಬ್ಯಾಲೆಯ ಲಕ್ಷಣವಾಗಿ ನಿಂತಿತು. ಮೈಗೆ ಹತ್ತಿದ ಬಿಗಿಯಾದ ಕುಪ್ಪಸ. ನಡುವಿನಿಂದ ಗಂಟೆಯಾಕಾರದಲ್ಲಿ ಅರಳಿ, ಮೊಣಕಾಲಿಗೂ ಹರಡಿಗೂ ನಡುವೆ ನಿಲ್ಲುವ, ತೆಳುವಾದ ಅರಿವೆಯ ಪದರಗಳುಳ್ಳ ಬಿಳಿಯ ಲಂಗ. ‘ಟೂಟೂ’ ಎಂಬ ಹೆಸರು ಅದಕ್ಕೆ ಬಂದದ್ದು ಬಹುಕಾಲದ ಅನಂತರ. ಇಂದು ಚಿತ್ರಗಳಲ್ಲಿ ಕಾಣುವ, ತಟ್ಟೆಯಂತೆ ಚಾಚಿಕೊಂಡ ಗಿಡ್ಡ ಟೂಟೂ ಇನ್ನೂ ಈಚಿನದು.

ಈ ಲಂಗವು ಒಂಟಿಯಾಗಿ ಹುಟ್ಟಲಿಲ್ಲ. ಆ ಕಾಲಕ್ಕೆ ರಂಗಮಂದಿರಗಳಿಗೆ ಅನಿಲದೀಪವು ಬಂದಿತ್ತು. ಅದನ್ನು ಬೇಕೆಂದಾಗ ಮಂದಗೊಳಿಸಿ ಬೆಳದಿಂಗಳ ಭ್ರಮೆಯನ್ನು ಹುಟ್ಟಿಸಬಹುದಾಗಿತ್ತು. ಆ ಬೆಳಕಿನಲ್ಲಿ ಬಿಳಿಯ ತೆಳುವಸ್ತ್ರವು ಮಂಜಿನಂತೆ ತೋರುತ್ತಿತ್ತು. ಜೊತೆಗೆ ತಾಗ್ಲಿಯೋನಿಯು ಕಾಲ್ಬೆರಳ ತುದಿಯ ಮೇಲೆ ನಿಲ್ಲುವ ವಿದ್ಯೆಯನ್ನು ಸಾಧಿಸಿದ್ದಳು. ಬೆಳಕು, ಬಟ್ಟೆ, ಬೆರಳತುದಿ ಈ ಮೂರೂ ಕೂಡಿದಾಗ ಮಣ್ಣಿನ ಹೆಣ್ಣು ಗಾಳಿಯ ಹೆಣ್ಣಾದಳು. 1841ರ ‘ಜಿಸೆಲ್’ ರೂಪಕದಲ್ಲಿ ಇಡಿಯ ಪ್ರೇತಸಮೂಹವೇ ಇಂಥ ಬಿಳಿಯುಡುಗೆಯಲ್ಲಿ ಕುಣಿಯಿತು.

ಕನ್ನಡಿಗರಿಗೆ ಈ ಕಲ್ಪನೆ ಹೊಸದಲ್ಲ. ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ಆದಿಪುರಾಣದಲ್ಲಿ ದೇವನರ್ತಕಿ ನೀಲಾಂಜನೆಯು ಪುರುದೇವನ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ಆಯುಸ್ಸು ತೀರಿ ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಅವಳಂಥ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆ ಅರಿಯದು, ಪುರುದೇವನು ಅರಿತು ವಿರಕ್ತನಾಗುತ್ತಾನೆ. ಫ್ರಾನ್ಸಿನ ರಮ್ಯಕವಿಗಳು ನರ್ತಕಿಯ ಕ್ಷಣಿಕತೆಯಲ್ಲಿ ಸೌಂದರ್ಯವನ್ನು ಕಂಡರು. ನಮ್ಮ ಕವಿ ಅಲ್ಲಿಯೇ ವೈರಾಗ್ಯವನ್ನು ಕಂಡನು.

ಆದರೆ ಪ್ಯಾರಿಸ್ಸಿನಲ್ಲಿ ಆ ಕ್ಷಣಿಕತೆಯು ಕೇವಲ ಕಾವ್ಯವಾಗಿ ಉಳಿಯಲಿಲ್ಲ. ಅನಿಲದೀಪದ ಬಯಲು ಜ್ವಾಲೆಗೆ ಆ ತೆಳುವಸ್ತ್ರವು ಹತ್ತಿಯ ಬತ್ತಿಯಂತೆಯೇ. 1844ರಲ್ಲಿ ಲಂಡನ್ನಿನ ರಂಗದ ಮೇಲೆ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯ ಲಂಗಕ್ಕೆ ದೀಪದ ಬೆಂಕಿ ತಗಲಿ ಅವಳು ಮಡಿದಳು. ಪಟಿಕ, ಬಿಳಿಗಾರ ಮುಂತಾದವುಗಳ ದ್ರಾವಣದಲ್ಲಿ ಅದ್ದಿದರೆ ಬಟ್ಟೆ ಉರಿಯದೆಂಬುದು ಗೊತ್ತಿತ್ತು. ಫ್ರಾನ್ಸಿನಲ್ಲಿ ಹಾಗೆ ಅದ್ದಬೇಕೆಂಬ ಆಜ್ಞೆಯೂ ಹೊರಟಿತ್ತು. ಆದರೆ ಅದ್ದಿದ ಬಟ್ಟೆ ಬಿರುಸಾಗುವುದು, ಮಾಸಲಾಗುವುದು. ತಾಗ್ಲಿಯೋನಿಯ ಪ್ರಿಯಶಿಷ್ಯೆ ಎಮ್ಮಾ ಲೀವ್ರಿ ಅದನ್ನು ಒಪ್ಪಲಿಲ್ಲ. 1862ರ ನವೆಂಬರ್ 15ರಂದು ಅಭ್ಯಾಸದ ವೇಳೆ ಅವಳ ಲಂಗಕ್ಕೆ ಬೆಂಕಿ ಹತ್ತಿತು. ಎಂಟು ತಿಂಗಳು ನರಳಿ, 1863ರ ಜುಲೈ 26ರಂದು ತೀರಿಕೊಂಡಾಗ ಅವಳಿಗೆ ಇಪ್ಪತ್ತು ವರ್ಷ. ಅವಳ ಉಡುಪಿನ ಸುಟ್ಟುಳಿದ ಚೂರುಗಳನ್ನು ಪ್ಯಾರಿಸ್ಸಿನಲ್ಲಿ ಕಾಪಿಟ್ಟಿದ್ದಾರೆ.

ಇನ್ನು ನಮ್ಮ ನಾಡಿನ ಕಡೆ ತಿರುಗೋಣ. 1838ರಲ್ಲಿ ಪುದುಚೇರಿಯ ಸಮೀಪದ ದೇವದಾಸಿಯರ ತಂಡವೊಂದು ಪ್ಯಾರಿಸ್ಸಿಗೆ ಹೋಗಿ ನರ್ತಿಸಿತ್ತು. ಅಷ್ಟರಲ್ಲಿಯೇ, 1830ರಲ್ಲಿ, ತಾಗ್ಲಿಯೋನಿಯು ಅಲ್ಲಿನ ಆಪೆರಾದಲ್ಲಿ ಭಾರತೀಯ ನರ್ತಕಿಯ ಪಾತ್ರವನ್ನು ಧರಿಸಿ ಮೆರೆದಿದ್ದಳು! ಬ್ಯಾಲೆಯ ಪ್ರಭಾವ ಇತ್ತ ಮರಳಿದ್ದು ಮತ್ತೊಂದು ದಾರಿಯಲ್ಲಿ. ರಷ್ಯದ ಆನ್ನಾ ಪಾವ್ಲೋವಾಳ ಪ್ರೇರಣೆಯಿಂದ ನೃತ್ಯಕ್ಕೆ ಒಲಿದ ರುಕ್ಮಿಣೀದೇವಿ ಅರುಂಡೇಲ್ ಅವರು 1935ರಲ್ಲಿ ಅಡ್ಯಾರಿನಲ್ಲಿ ಭರತನಾಟ್ಯವನ್ನು ಪ್ರದರ್ಶಿಸಿದರು. 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಹೊಲಿದು ಸಿದ್ಧಪಡಿಸಿದ, ಅರೆಮಂಡಿಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನೆರಿಗೆಯ ಉಡುಪು ಅಲ್ಲಿಂದ ಬಳಕೆಗೆ ಬಂದು ದೇಶವೆಲ್ಲ ಹಬ್ಬಿತು.

ಮೈಸೂರಿನ ಸಂಪ್ರದಾಯ ಬೇರೆಯದು. ಜಟ್ಟಿ ತಾಯಮ್ಮನವರೂ (1857–1947) ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರೂ (1906–2002) ಬೆಳಗಿಸಿದ ಆಸ್ಥಾನನೃತ್ಯದ ಜೀವಾಳವೇ ಅಭಿನಯ. ಕಡೂರು ಸೀಮೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರು 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾದರು; 1992ರಲ್ಲಿ ಪದ್ಮಭೂಷಣರಾದರು. ಸೀರೆಯುಟ್ಟು, ಕುಳಿತಲ್ಲಿಯೇ ಒಂದು ಪದಕ್ಕೆ ನಾನಾ ಸಂಚಾರಿಭಾವಗಳನ್ನು ತೋರುವ ಕಲೆ ಅವರದು. ಗಾಳಿಯಲ್ಲಿ ತೇಲಬೇಕಾದವಳಿಗೆ ಟೂಟೂ ಬೇಕು. ಹುಬ್ಬಿನ ಕೊನೆಯಲ್ಲಿ ವಿರಹವನ್ನು ತೋರಬಲ್ಲವಳಿಗೆ ಸೀರೆಯೇ ಸಾಕು. ಎರಡರಲ್ಲಿ ಒಂದು ಮೇಲು, ಒಂದು ಕೀಳು ಎನ್ನಲಾಗದು. ಕಲೆಯ ಉದ್ದೇಶಕ್ಕೆ ತಕ್ಕ ಉಡುಗೆ, ಅಷ್ಟೇ ತತ್ತ್ವ.

ಈ ತತ್ತ್ವವು ನಮ್ಮ ಶಾಲೆಗಳಿಗೂ ಅನ್ವಯಿಸುತ್ತದೆ. ವಾರ್ಷಿಕೋತ್ಸವ ಬಂತೆಂದರೆ ಬಾಡಿಗೆಯ ಉಡುಪುಗಳಿಗೆ ಪೋಷಕರು ಹಣ ಹೊಂದಿಸಬೇಕು. ಹೊಂದಿಸಲಾರದ ಮಗು ನೃತ್ಯದಿಂದಲೇ ಹೊರಗುಳಿಯುತ್ತದೆ. ಕಾಯಕದ ಹಿರಿಮೆಯನ್ನು ಸಾರಿದ ಶರಣರ ಹೆಸರಿನಲ್ಲಿ ನಡೆಯುವ ರೂಪಕಕ್ಕೆ ಕೈಮಗ್ಗದ ಒಂದು ಸೀರೆ, ಒಂದು ಪಂಚೆ ಸಾಲದೆ? ದಾನಿಗಳು ಕೊಡುವ ಹಣದಲ್ಲಿ ಒಂದಿಷ್ಟು ಇಂಥ ಉಡುಪುಗಳಿಗೆ ಸಂದು, ಅವು ಶಾಲೆಯ ಪೆಟ್ಟಿಗೆಯಲ್ಲಿ ವರ್ಷವರ್ಷವೂ ಉಳಿದರೆ ಯಾವ ಮಗುವೂ ಹಿಂದೆ ನಿಲ್ಲಬೇಕಾಗದು.

ಇನ್ನೊಂದು ಮಾತು. ದೀಪನೃತ್ಯವು ನಮ್ಮ ಮಕ್ಕಳಿಗೆ ಪ್ರಿಯವಾದದ್ದು. ನೈಲಾನಿನಂಥ ಕೃತಕ ನೂಲಿನ ಬಟ್ಟೆಯು ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ತೆಳುವಾದ ಹತ್ತಿಯ ಸೆರಗಂತೂ ಕ್ಷಣಾರ್ಧದಲ್ಲಿ ಹತ್ತಿಕೊಳ್ಳುತ್ತದೆ. ಆದುದರಿಂದ ಕುಣಿಯುವ ಕೈಗೆ ಉರಿಯುವ ಹಣತೆಯನ್ನು ಕೊಡುವುದು ತರವಲ್ಲ. ಬ್ಯಾಟರಿಯ ದೀಪಗಳು ಈಗ ಸುಲಭವಾಗಿ ದೊರೆಯುತ್ತವೆ. ಜ್ಯೋತಿಯನ್ನು ವೇದಿಕೆಯ ಮೇಲೆ ಗುರುಗಳು ಬೆಳಗಲಿ. ಮಕ್ಕಳ ಕೈಯಲ್ಲಿ ಅದರ ಸಂಕೇತವಿರಲಿ. ಅಂದಕ್ಕಾಗಿ ಎಚ್ಚರವನ್ನು ಬಿಟ್ಟುಕೊಟ್ಟ ಎಮ್ಮಾ ಲೀವ್ರಿಗೆ ಇಪ್ಪತ್ತು ವರ್ಷ. ನಮ್ಮ ವೇದಿಕೆಯ ಮೇಲೆ ಕುಣಿಯುವವರಿಗೆ ಹತ್ತು, ಹನ್ನೆರಡು. ಅವರ ಪರವಾಗಿ ಎಚ್ಚರವಿರಬೇಕಾದವರು ಅಧ್ಯಾಪಕರಾದ ನಾವು.