ಹಳೆಯ ಕಾರು: ದುರಸ್ತಿಯೋ, ಬದಲಾವಣೆಯೋ?

ದಿಲ್‌ಸುಖ್‌ನಗರದ ಬಸ್ ಡಿಪೋದಿಂದ ಚೈತನ್ಯಪುರಿಯ ಕಡೆಗೆ ಒಳಗಲ್ಲಿಗಳಲ್ಲಿ ನಡೆದು ಹೋದರೆ, ಮನೆಗಳ ಮುಂದೆ ಬಿಸಿಲಿಗೆ ಬಣ್ಣಗೆಟ್ಟು ನಿಂತಿರುವ ಹಳೆಯ ಕಾರುಗಳು ಸಾಲುಸಾಲಾಗಿ ಕಾಣಸಿಗುತ್ತವೆ. ಅವುಗಳ ವಯಸ್ಸನ್ನು ತಿಳಿಯಲು ಕಾಗದಪತ್ರ ನೋಡಬೇಕಾಗಿಲ್ಲ. ಹೈದರಾಬಾದಿನ ಬಂಡಿಗೆ 'ಎಪಿ' ಎಂಬ ಅಕ್ಷರಗಳಿದ್ದರೆ ಅದು 2014ರ ಜೂನ್ ತಿಂಗಳಲ್ಲಿ ತೆಲಂಗಾಣ ರಾಜ್ಯ ಉದಯಿಸುವುದಕ್ಕೆ ಮುಂಚಿನ ನೋಂದಣಿಯೆಂದು ಬಹುಮಟ್ಟಿಗೆ ಊಹಿಸಬಹುದು. ಅನಂತರ ಬಂದದ್ದು 'ಟಿಎಸ್'. 2024ರ ಮಾರ್ಚ್‌ನಿಂದ 'ಟಿಜಿ'. ರಾಯಚೂರು, ಕಲಬುರಗಿ, ಬೀದರ್ ಕಡೆಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಈ 'ಎಪಿ' ಕಾರುಗಳು ಇನ್ನೂ ಅನೇಕ ಇವೆ. ಮಕ್ಕಳನ್ನು ಕಾಚಿಗುಡದ ನೃಪತುಂಗ ಶಾಲೆಗೆ ಕರೆದೊಯ್ದ ಕಾರು, ಊರಿನ ಜಾತ್ರೆಗೆ ಮನೆಮಂದಿಯನ್ನೆಲ್ಲ ಹೊತ್ತ ಕಾರು ಎಂಬ ಮಮತೆ ಬೇರೆ. ಮೆಕ್ಯಾನಿಕ್ ದೊಡ್ಡ ಮೊತ್ತದ ಅಂದಾಜು ಕೊಟ್ಟ ದಿನ ಮಾತ್ರ, ಇದನ್ನು ಇನ್ನೂ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಊಟದ ಹೊತ್ತಿಗೆ ತಪ್ಪದೆ ಏಳುತ್ತದೆ.

ಮೊದಲು ಒಂದು ಭಯವನ್ನು ನಿವಾರಿಸಬೇಕಾಗಿದೆ. ಹದಿನೈದು ವರ್ಷ ತುಂಬಿದ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ಮಾತು ನಮ್ಮವರಲ್ಲಿ ವ್ಯಾಪಕವಾಗಿ ಹಬ್ಬಿದೆ. ಇದು ದೆಹಲಿಯ ಸುದ್ದಿಯನ್ನು ಹೈದರಾಬಾದಿಗೆ ಅನ್ವಯಿಸಿಕೊಂಡದ್ದರ ಫಲ. ಹತ್ತು ವರ್ಷ ಮೀರಿದ ಡೀಸೆಲ್ ಮತ್ತು ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಕುರಿತು ಹಸಿರು ನ್ಯಾಯಮಂಡಳಿಯಿಂದ ಬಂದ ಆದೇಶವು ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಅದನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. 2025ರಲ್ಲಿ ಅದೇ ನ್ಯಾಯಾಲಯ ಅದರ ಬಿಗಿಯನ್ನು ಸಡಿಲಿಸಿತು. ನಮಗೆ ಅನ್ವಯವಾಗುವುದು 1988ರ ಮೋಟಾರು ವಾಹನ ಕಾಯಿದೆ. ಅದರ ಪ್ರಕಾರ ಖಾಸಗಿ ಕಾರಿನ ನೋಂದಣಿಯ ಅವಧಿ ಹದಿನೈದು ವರ್ಷ. ಆಮೇಲೆ ಬಂಡಿಯನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಆದರೆ ಶುಲ್ಕ ಏರಿದೆ. 600 ರೂಪಾಯಿಯಿದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಇದರ ಮೇಲೆ ರಾಜ್ಯದ ಹಸಿರು ತೆರಿಗೆಯುಂಟು. ಖರ್ಚು ಹೆಚ್ಚಿದೆಯೇ ಹೊರತು ಬಾಗಿಲು ಮುಚ್ಚಿಲ್ಲ.

ಇನ್ನು ಲೆಕ್ಕದ ವಿಷಯ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಕುಳಿತವನಿಗೆ ಇದು ರುಚಿಕರವಾದ ಭಾಗ. ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕು.

ನಮ್ಮಲ್ಲಿ ಹೆಚ್ಚಿನವರು ದುರಸ್ತಿಯ ಮೊತ್ತವನ್ನು ಕಾರಿನ ಮಾರುಕಟ್ಟೆ ಬೆಲೆಯೊಡನೆ ಹೋಲಿಸುತ್ತಾರೆ. ಎಂಬತ್ತು ಸಾವಿರ ಬಾಳುವ ಕಾರಿಗೆ ಅರವತ್ತು ಸಾವಿರ ಸುರಿಯುವುದೆಂದರೆ ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಎನ್ನುತ್ತಾರೆ. ವಿಮಾ ಕಂಪನಿಗಳ ಅಳತೆಗೋಲು ಇದೇ: ಅಪಘಾತದ ದುರಸ್ತಿ ವೆಚ್ಚವು ಘೋಷಿತ ಮೌಲ್ಯದ ಶೇಕಡಾ 75ನ್ನು ಮೀರಿದರೆ ಅವು ಬಂಡಿಯನ್ನು ಪೂರ್ಣ ನಷ್ಟವೆಂದು ಭಾವಿಸಿ ಕೈತೊಳೆದುಕೊಳ್ಳುತ್ತವೆ. ಆದರೆ ವಿಮಾ ಕಂಪನಿ ಕಾರಿನಲ್ಲಿ ಕುಳಿತು ಎಲ್ಲಿಗೂ ಹೋಗುವುದಿಲ್ಲ. ಒಡೆಯನಿಗೆ ಬೇಕಾದದ್ದು ಕಾರಿನಿಂದ ದೊರೆಯುವ ಸೇವೆ. ಆದುದರಿಂದ ಹೋಲಿಸಬೇಕಾದದ್ದು, ಮುಂದಿನ ಕೆಲವು ವರ್ಷ ಹಳೆಯದನ್ನು ಓಡಿಸಲು ತಗಲುವ ವೆಚ್ಚವನ್ನು ಹೊಸದನ್ನು ಓಡಿಸಲು ತಗಲುವ ವೆಚ್ಚದೊಡನೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 2010ರ ಒಂದು ಸಣ್ಣ ಪೆಟ್ರೋಲ್ ಕಾರು; ಇಂದಿನ ಬೆಲೆ 80,000. ಕ್ಲಚ್, ನಾಲ್ಕು ಟೈರು, ಶಾಕ್ ಅಬ್ಸಾರ್ಬರು, ಎಸಿ ಸೇರಿ ದುರಸ್ತಿಗೆ 60,000. ಆಮೇಲೆ ಮೂರು ವರ್ಷ ಓಡುತ್ತದೆ, ವರ್ಷಕ್ಕೆ 15,000ದಂತೆ ನಿರ್ವಹಣೆ, ಕೊನೆಗೆ 40,000ಕ್ಕೆ ಮಾರಾಟ ಎಂದುಕೊಂಡರೆ, ದುರಸ್ತಿ 60,000, ನಿರ್ವಹಣೆ 45,000, ಬೆಲೆಯ ಇಳಿತ 40,000, ಒಟ್ಟು 1,45,000. ಈಗ ಹೊಸ ಕಾರು: ಬೆಲೆ ಏಳೂವರೆ ಲಕ್ಷ, ಅದರಲ್ಲಿ ಆರು ಲಕ್ಷ ಸಾಲ, ಶೇಕಡಾ 9ರ ಬಡ್ಡಿ, ಐದು ವರ್ಷದ ಅವಧಿ. ತಿಂಗಳ ಕಂತು 12,455. ಮೊದಲ ಮೂರು ವರ್ಷದಲ್ಲಿ ಬಡ್ಡಿಯೇ ಸುಮಾರು 1,21,000. ವಿಮೆಯ ಸವಕಳಿ ಪಟ್ಟಿಯಂತೆ ಮೂರು ವರ್ಷ ಮುಗಿದಾಗ ಕಾರಿನ ಮೌಲ್ಯದಲ್ಲಿ ಶೇಕಡಾ 40 ಕಳೆದುಹೋಗಿರುತ್ತದೆ, ಎಂದರೆ 3 ಲಕ್ಷ. ಎರಡೂ ಸೇರಿ 4,21,000. ಹೊಸ ಕಾರಿನ ಜೀವಿತಾವಧಿ ತೆರಿಗೆಯನ್ನಾಗಲಿ ಹೆಚ್ಚಿನ ವಿಮಾ ಕಂತನ್ನಾಗಲಿ ನಾನಿಲ್ಲಿ ಸೇರಿಸಿಲ್ಲ. ಅಂತರ ಎರಡೂಮುಕ್ಕಾಲು ಲಕ್ಷ! ಪೆಟ್ರೋಲಿನ ಉಳಿತಾಯ ಇದನ್ನು ತುಂಬಿಕೊಡಬೇಕಾದರೆ ಬಾಡಿಗೆ ಕಾರಿನಷ್ಟು ಓಡಿಸಬೇಕಾದೀತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿರುವುದು ನಿಜ. ಅದರಿಂದ ಅಂತರ ಕಿರಿದಾಗುತ್ತದೆ, ಅಳಿಯುವುದಿಲ್ಲ.

ಹೋದ ವರ್ಷ ಎಂಜಿನ್ನಿಗೆ ಮೂವತ್ತು ಸಾವಿರ ಹಾಕಿದ್ದೇನೆ, ಈಗ ಬಿಡಲಾರೆ ಎನ್ನುವವರೂ ಉಂಟು. ಆ ಮೂವತ್ತು ಸಾವಿರ ಹೋದದ್ದು ಹೋಯಿತು. ಮುಂದಿನ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ.

ಹಾಗಾದರೆ ಸದಾ ದುರಸ್ತಿಯೇ ಲಾಭವೇ? ರೂಪಾಯಿಯ ಲೆಕ್ಕದಲ್ಲಿ ಬಹಳ ಕಾಲ ಹೌದು. ಆದರೆ ಖಾತೆಪುಸ್ತಕದಲ್ಲಿ ನಮೂದಾಗದ ಸಂಗತಿಗಳಿವೆ, ಮತ್ತು ತೀರ್ಮಾನ ಕೊನೆಗೆ ನಿಲ್ಲಬೇಕಾದದ್ದು ಅವುಗಳ ಮೇಲೆಯೇ. ಕ್ಲಚ್, ಟೈರು, ಬ್ಯಾಟರಿ ಮುಂತಾದವು ಸವೆಯಲೆಂದೇ ಮಾಡಿದ ಭಾಗಗಳು. ಅವನ್ನು ಎಷ್ಟು ಸಲ ಬದಲಾಯಿಸಿದರೂ ಚಿಂತೆಯಿಲ್ಲ. ಕಾರಿನ ತಳಕ್ಕೆ, ಚಕ್ರಗಳನ್ನು ಹಿಡಿದಿರುವ ಉಕ್ಕಿನ ಭಾಗಗಳಿಗೆ ತುಕ್ಕು ಹತ್ತಿದ್ದರೆ ಮಾತು ಬೇರೆ. ತೇಪೆ ಹಾಕಿ ಬೆಸೆದ ತಳವು ತಪಾಸಣೆಯಲ್ಲಿ ಪಾಸಾಗಬಹುದು, ಡಿಕ್ಕಿಯಲ್ಲಿ ಪಾಸಾಗಲಾರದು.

ಹೆಚ್ಚಿನ ಹಳೆಯ ಸಣ್ಣ ಕಾರುಗಳಲ್ಲಿ ಏರ್‌ಬ್ಯಾಗ್ ಇಲ್ಲ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಪಕ್ಕದ ಆಸನದ್ದು ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ, ಆಗಲೇ ತಯಾರಾಗುತ್ತಿದ್ದ ಮಾದರಿಗಳಿಗೆ ಆ ವರ್ಷದ ಕೊನೆಯಿಂದ. ಒಮ್ಮೆಗೇ ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಂಡು ಕಾರು ಜಾರದಂತೆ ತಡೆಯುವ ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಇವನ್ನು ಯಾವ ಗ್ಯಾರೇಜೂ ಹಳೆಯ ಕಾರಿಗೆ ಸಮರ್ಪಕವಾಗಿ ಕೂಡಿಸಿ ಕೊಡಲಾರದು. ಆದುದರಿಂದ ನಾನು ಮಿತ್ರರನ್ನು ಮೊದಲು ಕೇಳುವ ಪ್ರಶ್ನೆ ಮೆಕ್ಯಾನಿಕ್ಕಿನ ಅಂದಾಜಿನದಲ್ಲ: ಈ ಕಾರು ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಯಾರು ಕೂರುತ್ತಾರೆ? ಸರೂರ್‌ನಗರದ ರೈತು ಬಜಾರಿಗೆ, ಮಲಕಪೇಟೆಯ ಆಸ್ಪತ್ರೆಗೆ, ಕಾಚಿಗುಡದ ಕನ್ನಡ ಕಾರ್ಯಕ್ರಮಕ್ಕೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ತೆವಳುವ ಕಾರಾದರೆ ದುರಸ್ತಿ ಮಾಡಿಸಿ ನಿಶ್ಚಿಂತೆಯಿಂದಿರಿ. ಆದರೆ ತಿಂಗಳಿಗೊಮ್ಮೆ ಮಕ್ಕಳನ್ನೂ ವೃದ್ಧರನ್ನೂ ಕೂಡಿಸಿಕೊಂಡು, ಕಚೇರಿ ಮುಗಿಸಿ ರಾತ್ರಿ ಹೊರಟು, ಲಾರಿಗಳ ನಡುವೆ ಇನ್ನೂರು ಕಿಲೋಮೀಟರ್ ದೂರದ ರಾಯಚೂರಿಗೋ ಕಲಬುರಗಿಗೋ ಹೋಗುವ ಕಾರಾದರೆ, ಎರಡೂಮುಕ್ಕಾಲು ಲಕ್ಷದ ಉಳಿತಾಯವನ್ನು ಬದಿಗಿಟ್ಟು ಹೊಸದನ್ನೇ ಕೊಳ್ಳಬೇಕೆಂದು ನನ್ನ ಖಚಿತ ಅಭಿಪ್ರಾಯ. ಇಲ್ಲವೇ ಹಳೆಯದನ್ನು ಊರೊಳಗೆ ಇಟ್ಟುಕೊಂಡು ದೂರಪ್ರಯಾಣಕ್ಕೆ ರೈಲನ್ನು ಆಶ್ರಯಿಸಿದರೆ ಹಣವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಆರೋಗ್ಯಲೇಖನಗಳ ನಡುವೆ ಅಚ್ಚಾಗುವ ಈ ಬರಹದಲ್ಲಿ ಇನ್ನೊಂದು ಮಾತು ಅಪ್ರಸ್ತುತವಾಗಲಾರದು. ಸೈಲೆನ್ಸರಿನ ಕೊಳವೆ ತೂತಾದ ಕಾರಿನಲ್ಲಿ ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು, ಎಸಿಯ ತಂಪಿನಲ್ಲಿ ನಿದ್ರಿಸುವುದು ಪ್ರಾಣಾಪಾಯ. ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುತ್ತದೆ. ಪ್ರಯಾಣದಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ಓಕರಿಕೆ ಬಂದರೆ ಊಟವನ್ನು ದೂರುವ ಮುಂಚೆ ಸೈಲೆನ್ಸರನ್ನು ನೋಡಿಸಬೇಕು. ಮೊಣಕಾಲು ನೋವಿನ ಹಿರಿಯರಿಗೆ ತಗ್ಗಾದ ಹಳೆಯ ಆಸನದಿಂದ ಏಳುವುದೇ ಒಂದು ಶಿಕ್ಷೆ. ಕಾರು ಬದಲಾಯಿಸಲು ಇದೂ ಗೌರವಯುತವಾದ ಕಾರಣವೇ.

ಹೊಸದರ ಬದಲು ಸೆಕೆಂಡ್ ಹ್ಯಾಂಡ್ ಕೊಳ್ಳುವವರು 2020ರ ಅಕ್ಟೋಬರ್ ಮಳೆಯನ್ನು ನೆನೆಯಬೇಕು. ಆಗ ಸರೂರ್‌ನಗರದ ಕೆರೆ ಉಕ್ಕಿ ನಮ್ಮ ಸುತ್ತಲಿನ ಕಾಲೊನಿಗಳಲ್ಲಿ ಕಾರುಗಳು ನೀರಿನಲ್ಲಿ ನಿಂತವು. ಮುಳುಗಿದ ಕಾರು ಹೊಳಪು ಪಡೆದು ಮಾರಾಟಕ್ಕೆ ಬರುವುದು ಹೊಸತಲ್ಲ. ಕಾಲಡಿಯ ಹಾಸನ್ನು ಎತ್ತಿ ನೋಡಿರಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ತುದಿಯಲ್ಲಿ ಕೆಸರಿನ ಗೆರೆಯಿದೆಯೇ ಎಂದು ಪರೀಕ್ಷಿಸಿರಿ. ನಿಮ್ಮದೇ ಕಾರು ನೀರಿನಲ್ಲಿ ನಿಂತರೆ ಎಂಜಿನ್ ಚಾಲೂ ಮಾಡಲು ಯತ್ನಿಸಬೇಡಿರಿ. ನೀರು ಸಿಲಿಂಡರಿಗೆ ನುಗ್ಗಿ ಒಳಗಿನ ಸಲಾಕೆ ಬಾಗುತ್ತದೆ, ಪ್ರತ್ಯೇಕ ಎಂಜಿನ್ ರಕ್ಷಣೆಯಿಲ್ಲದ ಸಾಮಾನ್ಯ ವಿಮೆ ಇದನ್ನು ಸಾಧಾರಣವಾಗಿ ಭರಿಸುವುದಿಲ್ಲ.

ಕೊನೆಗೆ, ಹಳೆಯ ಕಾರನ್ನು ಬಿಡುವ ಕ್ರಮ. "ಊರಲ್ಲಿರುವ ತಮ್ಮನಿಗೆ ಕೊಟ್ಟುಬಿಡೋಣ" ಎನ್ನುವುದು ನಮ್ಮವರ ಸಹಜ ಔದಾರ್ಯ. ಆದರೆ ತೆಲಂಗಾಣದ ಕಾರು ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅಲ್ಲಿ ಮರುನೋಂದಣಿ ಆಗಬೇಕು. ಅದಕ್ಕೆ ಇಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಅಲ್ಲಿಯ ತೆರಿಗೆ ಕಟ್ಟಬೇಕು. ತಮ್ಮನಿಗೆ ಉಡುಗೊರೆಯೊಡನೆ ಖರ್ಚನ್ನೂ ಕಳಿಸಿದಂತಾಗುತ್ತದೆ. ಗುಜರಿಗೆ ಹಾಕುವುದಾದರೆ ಸರ್ಕಾರದಲ್ಲಿ ನೋಂದಾಯಿತವಾದ ವಾಹನ ವಿಲೇವಾರಿ ಘಟಕಕ್ಕೇ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಆ ಪತ್ರದ ಆಧಾರದ ಮೇಲೆ ಹೊಸ ಖಾಸಗಿ ಕಾರಿನ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ನೀಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಯಾರಿಗೇ ಮಾರಿದರೂ ಹೆಸರು ವರ್ಗಾವಣೆಯಾಗುವವರೆಗೆ ಬೆನ್ನು ಬಿಡಬಾರದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ. ಆ ಪ್ರಕರಣದಲ್ಲಿ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು, ಹಣ ಕೊಡಬೇಕಾಗಿ ಬಂದದ್ದು ಮೊದಲು ಮಾರಿದವರು.