ಮನೆಯೇ ಇಲ್ಲಿ ಪಾಠ

ವಸ್ತುಸಂಗ್ರಹಾಲಯ ಎಂದೊಡನೆ ಕಣ್ಣೆದುರು ನಿಲ್ಲುವುದು ಕಿರೀಟ, ಕತ್ತಿ, ಶಾಸನಗಳು. ಲಂಡನ್ನಿನ ‘ಮ್ಯೂಸಿಯಂ ಆಫ್ ದಿ ಹೋಮ್’ನಲ್ಲಿ ಆ ಗೌರವ ಕುರ್ಚಿ, ದೀಪ, ಚಹಾ ಬಟ್ಟಲುಗಳಿಗೆ.

1714ರಲ್ಲಿ ಬಡ ವೃದ್ಧರಿಗಾಗಿ ಕಟ್ಟಿದ ಈ ವಸತಿಗಳು 1914ರಲ್ಲಿ ವಸ್ತುಸಂಗ್ರಹಾಲಯವಾದವು. ಸುತ್ತಲೂ ಪೀಠೋಪಕರಣ ಮಾಡುವವರ ಕೇರಿ. ಅವರ ಕಸುಬಿಗೆ ಒಳ್ಳೆಯ ಮಾದರಿ ಒದಗಿಸುವುದೇ ಮೊದಲ ಉದ್ದೇಶ. 1930ರ ದಶಕದಲ್ಲಿ ಇದರ ಹೊಣೆ ಹೊತ್ತ ಮಾರ್ಜರಿ ಕ್ವೆನೆಲ್ ಕೋಣೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರು. ಮಕ್ಕಳು ನಡೆಯುತ್ತಲೇ ಚರಿತ್ರೆ ಕಲಿಯುವಂತಾಯಿತು.

ಇಂದಿಗೂ ಶಾಲಾ ರಜೆಯಲ್ಲಿ ಇಲ್ಲಿ ಮನೆಮಂದಿಗೆಲ್ಲ ಚಟುವಟಿಕೆಗಳುಂಟು. ಕ್ರಿಸ್‌ಮಸ್ ಅಲಂಕಾರದ ಹಸಿರೆಲೆಗಳನ್ನು ಜನವರಿಯಲ್ಲಿ ಬೆಂಕಿಗೆ ಹಾಕಿ ಹಬ್ಬವನ್ನು ಬೀಳ್ಕೊಡುವ ಹಳೆಯ ಪದ್ಧತಿಯನ್ನೂ ಇಲ್ಲಿ ಅನೇಕ ವರ್ಷ ಸಾರ್ವಜನಿಕವಾಗಿ ಆಚರಿಸಿದ್ದಾರೆ. ಪ್ರವೇಶ ಉಚಿತ.

ಆದರೆ ಯಾರ ಮನೆ ಚರಿತ್ರೆಯಾಗುತ್ತದೆ? ಬಹುಕಾಲ ಇಲ್ಲಿದ್ದವು ಮಧ್ಯಮವರ್ಗದ ಇಂಗ್ಲಿಷರ ಕೋಣೆಗಳೇ. 2024ರಲ್ಲಿ ಮರುರೂಪಿಸಿದ ಸಾಲಿನಲ್ಲಿ 1913ರ ಯಹೂದಿ ಕುಟುಂಬದ ಬಾಡಿಗೆ ಮನೆ ಇದೆ; ಕೆರಿಬಿಯನ್‌ನಿಂದ ವಲಸೆ ಬಂದವರ 1976ರ ಹಜಾರವಿದೆ, ಅದರಲ್ಲೊಂದು ರೇಡಿಯೋಗ್ರಾಂ. ಕೊನೆಯಲ್ಲಿ 2049ರ ಕಲ್ಪನೆಯ ಮನೆ.

ವಲಸೆ ಬಂದ ಅಜ್ಜಿಯ ಕೈಹಿಡಿದ ಮಗು ‘ಇಂಥದ್ದು ನಿನ್ನ ಮನೆಯಲ್ಲೂ ಇತ್ತೇ?’ ಎಂದು ಕೇಳಿದರೆ ಸಾಕು. ಪುಸ್ತಕದಲ್ಲಿಲ್ಲದ ಪಾಠ ಅಲ್ಲಿಂದ ಶುರುವಾಗುತ್ತದೆ.