ರಸ್ತೆ ಯಾರದು, ರಿಪೇರಿ ಯಾರದು?

ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲಕ್ಕೆ ಗುಡ್ಡ ಜರಿದಾಗ ಮಣ್ಣು ತೆಗೆಸುತ್ತ ಬಂದವರು ಕರ್ನಾಟಕ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದವರು. ಆದರೆ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 73, ಕೇಂದ್ರದ ಸ್ವತ್ತು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 4ನೇ ಕಲಮಿನ ಪ್ರಕಾರ ಇಂಥ ರಸ್ತೆಗಳ ಒಡೆತನ ಕೇಂದ್ರದ್ದು. 5ನೇ ಕಲಮು ನಿರ್ವಹಣೆಯನ್ನೂ ಕೇಂದ್ರದ ಹೊಣೆಯೆಂದೇ ಹೇಳಿ, ಬೇಕಾದರೆ ಆ ಕೆಲಸವನ್ನು ರಾಜ್ಯ ಸರ್ಕಾರಕ್ಕೆ ಒಪ್ಪಿಸಲು ದಾರಿ ಬಿಡುತ್ತದೆ. ಒಡೆಯರೊಬ್ಬರು, ಗುಂಡಿ ಮುಚ್ಚಬೇಕಾದವರು ಇನ್ನೊಬ್ಬರು. ದೂರು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಜನರ ಪಾಡಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ. ಜನರೇ ಕೂಡಿ ಕಟ್ಟುವ ನಕ್ಷೆಯಲ್ಲಿ ಈ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಬರೆದಿಡಬೇಕು.

ಅಂಥ ನಕ್ಷೆಗಳಲ್ಲಿ ದೊಡ್ಡದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಇದನ್ನು ಶುರುಮಾಡಿದರು. ಇಲ್ಲಿ ಪ್ರತಿ ರಸ್ತೆಯೂ ಒಂದು ಗೆರೆ. ಆ ಗೆರೆಗೆ ಹೆಸರು, ಸಂಖ್ಯೆ, ದರ್ಜೆ ಮುಂತಾದ ವಿವರಗಳನ್ನು ಟ್ಯಾಗ್‌ಗಳಾಗಿ ಅಂಟಿಸುತ್ತಾರೆ. ಒಡೆತನಕ್ಕೆ ‘ಓನರ್‌ಶಿಪ್’ ಎಂಬ ಟ್ಯಾಗ್ ಇದೆ, ನಡೆಸುವವರ ಹೆಸರಿಗೆ ‘ಆಪರೇಟರ್’ ಇದೆ. ಆದರೂ ನಕ್ಷೆ ನೋಡುವವರು ಸಾಮಾನ್ಯವಾಗಿ ಬೇರೆ ಎರಡು ಟ್ಯಾಗ್‌ಗಳಿಂದ ಒಡೆಯನನ್ನು ಊಹಿಸುತ್ತಾರೆ. ಮೊದಲನೆಯದು ದರ್ಜೆ. ‘ಟ್ರಂಕ್’, ‘ಪ್ರೈಮರಿ’ ಎಂಬ ದರ್ಜೆಗಳು ಬ್ರಿಟನ್ನಿನ ರಸ್ತೆ ವರ್ಗೀಕರಣದಿಂದ ಬಂದವು. ಸಂಚಾರದಲ್ಲಿ ಆ ರಸ್ತೆ ಎಷ್ಟು ಮುಖ್ಯ ಎಂಬುದನ್ನಷ್ಟೇ ಅವು ಹೇಳುತ್ತವೆ. ಎರಡನೆಯದು ‘ಆಕ್ಸೆಸ್’. ಅಲ್ಲಿ ‘ಪ್ರೈವೇಟ್’ ಎಂದಿದ್ದರೆ ಒಳಗೆ ಹೋಗಲು ಅಪ್ಪಣೆ ಬೇಕು ಎಂದಷ್ಟೇ ಅರ್ಥ. ಅಣೆಕಟ್ಟೆಯ ಮೇಲಿನ ರಸ್ತೆ ಸರ್ಕಾರದ್ದೇ ಆದರೂ ಗೇಟು ಹಾಕಿರಬಹುದು. ಖಾಸಗಿ ಬಡಾವಣೆಯ ರಸ್ತೆಯಲ್ಲಿ ಊರೆಲ್ಲ ಓಡಾಡುತ್ತಿರಬಹುದು.

ದಾವಣಗೆರೆಯ ಪಿ.ಬಿ. ರಸ್ತೆಯನ್ನು ನೋಡಿ. ಪೂನಾ–ಬೆಂಗಳೂರು ರಸ್ತೆ ಊರ ನಡುವೆಯೇ ಹೋಗುತ್ತಿದ್ದ ಕಾಲದ ಹೆಸರದು. ಈಗಿನ ಹೆದ್ದಾರಿ 48 ಊರ ಹೊರಗೆ ಬೈಪಾಸಿನಲ್ಲಿ ಸಾಗುತ್ತದೆ. ಬೈಪಾಸ್ ಆದ ಮೇಲೆ ಊರೊಳಗಿನ ಹಳೆಯ ಹೆದ್ದಾರಿಯನ್ನು ರಾಜ್ಯಕ್ಕೋ ನಗರಾಡಳಿತಕ್ಕೋ ಬಿಟ್ಟುಕೊಡುವುದು ರೂಢಿ. ನಕ್ಷೆಯಲ್ಲಿ ಹಳೆಯ ಸಂಖ್ಯೆ ಹಾಗೇ ಉಳಿದರೆ ಬೀದಿಯ ಗುಂಡಿಗೆ ಹೆದ್ದಾರಿಯವರನ್ನು ಕೇಳುವಂತಾಗುತ್ತದೆ. ಹಸ್ತಾಂತರ ಎಲ್ಲಿಂದ ಎಲ್ಲಿಯವರೆಗೆ ಆಗಿದೆಯೋ ಅಲ್ಲಿ ಗೆರೆಯನ್ನು ತುಂಡರಿಸಿ, ಪ್ರತಿ ತುಂಡಿಗೂ ಅದರದೇ ವಿವರ ಬರೆಯಬೇಕು. ಹೀಗೆ ತುಂಡರಿಸಲು ನಕ್ಷೆಯ ಸಂಪಾದಕದಲ್ಲಿ ಸುಲಭದ ಸೌಲಭ್ಯವಿದೆ. ಕಷ್ಟವಿರುವುದು ಆ ಜಾಗ ಯಾವುದೆಂದು ತಿಳಿಯುವುದರಲ್ಲಿ.

ಆ ತಿಳಿವಳಿಕೆ ಅರ್ಧದಷ್ಟು ರಸ್ತೆಬದಿಯಲ್ಲೇ ಸಿಗುತ್ತದೆ. ಕಿಲೋಮೀಟರ್ ಕಲ್ಲಿನ ತಲೆಗೆ ಹಳದಿ ಬಣ್ಣವಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಿದ್ದರೆ ಗ್ರಾಮೀಣ ರಸ್ತೆ. 2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಫಲಕಗಳು ಇನ್ನೂ ಉಪಕಾರಿ. ರಸ್ತೆಯ ಉದ್ದ, ಕಾಮಗಾರಿಯ ವೆಚ್ಚ, ಗುತ್ತಿಗೆದಾರರ ಹೆಸರು, ಕೆಲಸ ಮುಗಿದ ದಿನಾಂಕ ಎಲ್ಲ ಅಲ್ಲಿರುತ್ತವೆ. ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ರಸ್ತೆಯನ್ನು ನೋಡಿಕೊಳ್ಳಬೇಕೆಂಬುದು ಆ ಯೋಜನೆಯ ಷರತ್ತು. ಆದ್ದರಿಂದ ಫಲಕದಲ್ಲಿನ ದಿನಾಂಕವೇ ಮುಖ್ಯ. ಅದನ್ನು ಬಿಟ್ಟು ಗುತ್ತಿಗೆದಾರರ ಹೆಸರನ್ನು ಮಾತ್ರ ನಕ್ಷೆಗೆ ಏರಿಸಿದರೆ ಆರನೇ ವರ್ಷಕ್ಕೆ ಅದು ಸುಳ್ಳು ಮಾಹಿತಿ.

ಇನ್ನುಳಿದದ್ದು ಕಡತಗಳಲ್ಲಿದೆ, ಮತ್ತು ಕಡತ ಬದಲಾದಾಗ ರಸ್ತೆಯ ಮೇಲೆ ಏನೂ ಕಾಣುವುದಿಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಕೂಡದೆಂದು 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಚಂಡೀಗಢ ತನ್ನ ಹೆದ್ದಾರಿಗಳನ್ನು ಜಿಲ್ಲಾ ಮುಖ್ಯ ರಸ್ತೆಗಳೆಂದು ಹೊಸದಾಗಿ ವರ್ಗೀಕರಿಸಿತು. ಡಾಂಬರು ಅದೇ, ದೀಪದ ಕಂಬ ಅದೇ. ದರ್ಜೆ ಮಾತ್ರ ಬೇರೆ. ಇಂಥ ಬದಲಾವಣೆಯನ್ನು ದಾಖಲಿಸುವಾಗ ಯಾವ ಅಧಿಸೂಚನೆ, ಯಾವ ದಿನಾಂಕ ಎಂದು ಆಧಾರವನ್ನೂ ಬರೆಯುವುದು ನಕ್ಷೆಗಾರರ ಧರ್ಮ. ಆಧಾರ ಸಿಗದಿದ್ದರೆ ಜಾಗ ಖಾಲಿ ಬಿಡುವುದೇ ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಖಾಲಿ ಜಾಗ ಕಂಡವರು ಹೋಗಿ ವಿಚಾರಿಸಿಯಾರು, ತಪ್ಪು ಹೆಸರನ್ನು ಕಂಡವರು ನಂಬಿಬಿಡುತ್ತಾರೆ. ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡುವುದಂತೂ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಪರವಾನಗಿಗೇ ವಿರುದ್ಧ.

ಈ ವಿವರ ಕೂಡಿಬಂದರೆ ಪ್ರಯೋಜನ ದೊಡ್ಡದು. ಬ್ರಿಟನ್ನಿನಲ್ಲಿ 2007ರಿಂದ ‘ಫಿಕ್ಸ್‌ಮೈಸ್ಟ್ರೀಟ್’ ಎಂಬ ಸೇವೆಯಿದೆ. ನಕ್ಷೆಯ ಮೇಲೆ ಗುಂಡಿಯ ಜಾಗ ಗುರುತು ಮಾಡಿದರೆ ದೂರು ಸಂಬಂಧಪಟ್ಟ ಸ್ಥಳೀಯ ಆಡಳಿತಕ್ಕೆ ಹೋಗುತ್ತದೆ. ನಮ್ಮಲ್ಲಿ ಸ್ಥಳೀಯ ಆಡಳಿತದ ಗಡಿಯೊಂದನ್ನೇ ನೋಡಿ ಹೀಗೆ ಮಾಡಲಾಗದು. ಒಂದೇ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ರಾಷ್ಟ್ರೀಯ ಹೆದ್ದಾರಿ, ಲೋಕೋಪಯೋಗಿ ಇಲಾಖೆಯ ಜಿಲ್ಲಾ ರಸ್ತೆ, ಗ್ರಾಮ ಸಡಕ್ ಯೋಜನೆಯ ರಸ್ತೆ, ಪಂಚಾಯಿತಿಯ ಓಣಿ ಎಲ್ಲವೂ ಒಂದನ್ನೊಂದು ದಾಟಿಕೊಂಡು ಹೋಗುತ್ತವೆ. ದೂರು ಸರಿಯಾದ ಮೇಜಿಗೆ ಮುಟ್ಟಬೇಕಾದರೆ ಪ್ರತಿ ಗೆರೆಯೂ ತನ್ನ ಹೊಣೆಗಾರರ ಹೆಸರನ್ನು ಹೊತ್ತಿರಬೇಕು.